ಕುದುರೆಯ ಜಾಕಿ, ನಮ್ಮೂರ ಗಾಡಿಯವನು



ಈ ಸಲದ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಸಂಭವನೀಯತೆಯ ಪಾಠಕ್ಕೆಂದು ಕೂಡ ಇಸ್ಪೀಟಿನ ಎಲೆಗಳನ್ನು ತರಗತಿಯೊಳಕ್ಕೆ ತರಗೊಡದಿದ್ದ ಗಣಿತದ ಮೇಷ್ಟ್ರು ಈ ವಯಸ್ಸಿನಲ್ಲಿ ಕುದುರೆ ರೇಸಿನ ಬಗ್ಗೆ ಬರೆಯಲು ಕುಳಿತಿದ್ದಾನೆಯೇ ಎಂದು. ಹೌದು, ಕುಳಿತಿದ್ದೇನೆ. ಕಾರಣವನ್ನೂ ಹೇಳುತ್ತೇನೆ.

ಕೊರಟಗೆರೆಯಲ್ಲಿ ಬಂಧುಗಳೊಬ್ಬರ ಮನೆಯ ಮದುವೆ. ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಛತ್ರದ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ನಮ್ಮ ಷಡ್ಡಕರು ಮತ್ತು ಅವರ ಇಬ್ಬರು ಸ್ನೇಹಿತರು ಕೈಕೈ ಮಿಲಾಯಿಸುವರೇನೋ ಎಂಬಷ್ಟು ಜೋರಾಗಿ ವಾದಿಸುತ್ತಿದ್ದರು. ಆಸ್ತಿಯ ವಿಚಾರವಿರಬಹುದೆಂದು ಸಂಕೋಚದಿಂದ ಮುಖ ತಿರುಗಿಸಿಕೊಂಡೆ. ಕಿವಿಗೊಟ್ಟಾಗ ತಿಳಿದದ್ದು ಬೇರೆ. ಪೆಸಿ ಶ್ರಾಫ್ ದೊಡ್ಡ ಜಾಕಿಯೋ ಸೂರಜ್ ನರೇಡು ದೊಡ್ಡ ಜಾಕಿಯೋ ಎಂಬುದು ಅಲ್ಲಿ ನಡೆಯುತ್ತಿದ್ದ ವ್ಯಾಜ್ಯ! ಒಬ್ಬರು ಮುಂಬಯಿಯ ಹಳೆಯ ಕಾಲವನ್ನು ಎತ್ತಿ ಹಿಡಿದರೆ, ಇನ್ನೊಬ್ಬರು ಬೆಂಗಳೂರಿನ ಡರ್ಬಿಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು. ಅಷ್ಟರಲ್ಲಿ ಷಡ್ಡಕರ ಮಗ ಮೊಬೈಲನ್ನು ಮುಂದೆ ಹಿಡಿದು, "ದೊಡ್ಡಪ್ಪ, ಇಲ್ಲಿ ನೋಡಿ, ಮಂಜುಗಡ್ಡೆ ಮೇಲೆ ಕುದುರೆ ಓಡಿಸ್ತಾರೆ. ನಿಮ್ಮ ಜಾಕಿಗಳು ಇಲ್ಲಿ ಗೆಲ್ಲಲಿ ನೋಡೋಣ" ಎಂದ. ಷಡ್ಡಕರು ನಕ್ಕು, "ಮಂಜುಗಡ್ಡೆ ಯಾಕಪ್ಪಾ, ನಮ್ಮ ಕೆರೆಯಂಗಳದಲ್ಲಿ ಒಂದು ಜೊತೆ ಎತ್ತಿನ ಗಾಡಿ ಓಡಿಸಲಿ ಸಾಕು" ಎಂದರು. ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನೀವೇ ಹೇಳಿ ಮೇಷ್ಟ್ರೇ, ಇದರಲ್ಲಿ ನಿಮ್ಮ ತೀರ್ಮಾನ ಏನು?" ಎಂದರು.

ನನಗೇನೂ ತಿಳಿಯದೆಂದು ಹೇಳಿ ಎದ್ದುಬಂದೆ. ಅದು ಸುಳ್ಳು. ಕೆರೆಯಂಗಳದ ಮಾತು ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು ನಿಮ್ಮಲ್ಲೇ ಒಬ್ಬನ ಮುಖ. ಅದಕ್ಕೆ ನಗಲೂ ಆಗಲಿಲ್ಲ, ಅಲ್ಲಿ ಕುಳಿತಿರಲೂ ಆಗಲಿಲ್ಲ. ಅಂದು ಕೊಡಬೇಕಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು. ವರ್ಗಾವಣೆಯ ಕೃಪೆಯಿಂದ ಈ ನಾಲ್ಕರ ನೀರನ್ನೂ ಕುಡಿದವನು ನಾನು. ಬಿ.ಎಡ್. ಮುಗಿಸಿ ನೌಕರಿ ಸೇರಿದ ಮೊದಲ ವರ್ಷಗಳಲ್ಲಿ ಮಧುಗಿರಿಯ ಬಸ್ ನಿಲ್ದಾಣದ ಬಳಿಯ ಒಂದು ಹೋಟೆಲಿನಲ್ಲಿ ಬೆಳಗಿನ ತಿಂಡಿ. ಬಾಗಿಲಲ್ಲಿ ನಿಂತರೆ ಏಕಶಿಲೆಯ ಬೆಟ್ಟ ಕಾಣುತ್ತಿತ್ತು. ಒಳಗೆ ಮೂಲೆಯ ಮೇಜಿನಲ್ಲಿ ರೇಸಿನವರ ಸಭೆ. ಅದರ ಅಧ್ಯಕ್ಷರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ಬೆಂಗಳೂರಿನಲ್ಲಿ ಓಟವಿರುವ ದಿನ ನಸುಕಿನ ಬಸ್ಸಿಗೇ ಹೊರಡುವರು, ರಾತ್ರಿ ಕೊನೆಯ ಬಸ್ಸಿಗೆ ಮರಳುವರು. ಕೈಯಲ್ಲಿ ಪೆನ್ಸಿಲಿನ ಗುರುತುಗಳಿಂದ ತುಂಬಿದ ರೇಸ್ ಪುಸ್ತಕ. ಹಣ ಕಟ್ಟುತ್ತಿದ್ದುದು ಬಹಳ ಕಡಿಮೆ, ವಾದ ಮಾಡುತ್ತಿದ್ದುದು ಬಹಳ ಹೆಚ್ಚು.

ಆಗ ನನಗೆ ಆ ಮೇಜಿನ ಬಗ್ಗೆ ತಿರಸ್ಕಾರವಿತ್ತು. ಅದಕ್ಕೆ ಆಧಾರವೂ ಇತ್ತು. ನನ್ನ ಸಹೋದ್ಯೋಗಿಯೊಬ್ಬರು ಮಗಳ ಮದುವೆಗೆಂದು ಭವಿಷ್ಯನಿಧಿಯಿಂದ ತೆಗೆದ ಸಾಲವನ್ನು ಎರಡು ತಿಂಗಳಲ್ಲಿ ರೇಸಿಗೆ ಸುರಿದು, ಕೊನೆಗೆ ಶಾಲೆಯ ಜವಾನನ ಬಳಿಯೂ ಕೈಸಾಲ ಕೇಳುವ ಸ್ಥಿತಿಗೆ ಇಳಿದುದನ್ನು ಕಂಡಿದ್ದೆ. ಲೆಕ್ಕ ಬಲ್ಲವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಟೋಟಲೈಸೇಟರಿನಲ್ಲಿ ಎಲ್ಲರ ಹಣವೂ ಒಂದೇ ಗುಡ್ಡೆ. ಅದರಿಂದ ತೆರಿಗೆ, ಕ್ಲಬ್ಬಿನ ಪಾಲು ಮುರಿದುಕೊಂಡ ಮೇಲೆ ಉಳಿದುದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಹಾಗಾಗಿ ಕಟ್ಟಿದವರನ್ನೆಲ್ಲ ಒಟ್ಟಾಗಿ ತೆಗೆದುಕೊಂಡರೆ ಅವರು ಸೋಲಲೇಬೇಕು. ಈ ಮಾತನ್ನು ಒಂದು ದಿನ ಆ ಹಿರಿಯರಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರು ಕಾಫಿಯ ಲೋಟ ಕೆಳಗಿಟ್ಟು, "ಇರಲಿ ಮೇಷ್ಟ್ರೇ, ಒಂದು ಲೆಕ್ಕ ಕೊಡ್ತೀನಿ, ಮಾಡಿ" ಎಂದರು.

ಅವರು ಕೊಟ್ಟದ್ದು ಹ್ಯಾಂಡಿಕ್ಯಾಪಿನ ಲೆಕ್ಕ. ಹ್ಯಾಂಡಿಕ್ಯಾಪ್ ಓಟದಲ್ಲಿ ಹಿಂದೆ ಚೆನ್ನಾಗಿ ಓಡಿದ ಕುದುರೆಗೆ ಹೆಚ್ಚು ಭಾರ, ಸೋತ ಕುದುರೆಗೆ ಕಡಿಮೆ ಭಾರ. ಒಂದರ ಮೇಲೆ 60 ಕಿಲೋ ಇದ್ದರೆ ಇನ್ನೊಂದರ ಮೇಲೆ 50 ಇರಬಹುದು. ಜಾಕಿಯ ತೂಕ ಸಾಲದಿದ್ದರೆ ಜೀನಿನ ಬಳಿ ಸೀಸದ ತುಂಡುಗಳನ್ನಿಟ್ಟು ಸರಿದೂಗಿಸುತ್ತಾರೆ. ಓಟಕ್ಕೆ ಮೊದಲು ಜಾಕಿ ಜೀನಿನ ಸಮೇತ ತಕ್ಕಡಿ ಹತ್ತಬೇಕು, ಗೆದ್ದು ಬಂದ ಮೇಲೆ ಮತ್ತೆ ಹತ್ತಬೇಕು. ಕಲಿಯುತ್ತಿರುವ ಹುಡುಗ ಸವಾರಿ ಮಾಡಿದರೆ ಅನುಭವವಿಲ್ಲದುದಕ್ಕೆ ಪರಿಹಾರವಾಗಿ ಕೆಲವು ಕಿಲೋ ರಿಯಾಯಿತಿ. ಎಲ್ಲ ಕುದುರೆಗಳೂ ಒಂದೇ ಗೆರೆಯಲ್ಲಿ ಗುರಿ ಮುಟ್ಟುವಂತೆ ಮಾಡುವುದು ಭಾರ ನಿಗದಿ ಮಾಡುವವನ ಆದರ್ಶ, ಅವನ ಲೆಕ್ಕ ಎಲ್ಲಿ ತಪ್ಪಿದೆ ಎಂದು ಹುಡುಕುವುದು ರೇಸಿನವನ ಕಸುಬು. ಎರಡು ಹಾಳೆ ತುಂಬ ಬರೆದರೂ ನನ್ನ ಉತ್ತರ ತಪ್ಪಾಯಿತು. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣರಾಗಿದ್ದ ಆ ಗುಮಾಸ್ತರು ಬಾಯಿಲೆಕ್ಕದಲ್ಲೇ ಸರಿಯಾಗಿ ಹೇಳಿದ್ದರು. ಆ ಮೇಲೆ ನಾನು ಆ ಮೇಜಿನ ಪಕ್ಕದ ಮೇಜಿಗೆ ಸ್ಥಳ ಬದಲಿಸಿದೆ. ಹಣ ಕಟ್ಟಲಿಲ್ಲ. ಕೇಳಿಸಿಕೊಂಡೆ.

ಅಲ್ಲಿ ಮುಗಿಯದ ಚರ್ಚೆಯೊಂದಿತ್ತು. ಗೆಲ್ಲುವುದು ಯಾರು, ಕುದುರೆಯೋ ಜಾಕಿಯೋ? ಹಿರಿಯರದು ಕುದುರೆಯ ಪಕ್ಷ. ನಮ್ಮ ಜಿಲ್ಲೆಯದೇ ಆದ ಕುಣಿಗಲ್ಲಿನ ಸ್ಟಡ್ ಫಾರಂ ಅವರಿಗೆ ತೀರ್ಥಕ್ಷೇತ್ರವಿದ್ದಂತೆ. ಟಿಪ್ಪುವಿನ ಕಾಲದಲ್ಲಿ ಅಶ್ವಸೈನ್ಯಕ್ಕಾಗಿ ಕುದುರೆ ಬೆಳೆಸಿದ ಆ ನೆಲದಲ್ಲಿ ಮುಂದೆ ರೇಸಿನ ಕುದುರೆಗಳು ಹುಟ್ಟಿದವು. 1992ರಲ್ಲಿ ಸರ್ಕಾರ ಅದನ್ನು ಮೂವತ್ತು ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ಕೊಟ್ಟಿತು. ರಕ್ತ ಒಳ್ಳೆಯದಿದ್ದರೆ ಮೇಲೆ ಮರದ ಬೊಂಬೆ ಕೂರಿಸಿದರೂ ಗೆಲ್ಲುತ್ತದೆ ಎಂಬುದು ಅವರ ವಾದ. ಎದುರು ಪಕ್ಷದವನು ಬಸ್ ಏಜೆಂಟ್. ಅವನು ಜಾಕಿಯ ಭಕ್ತ. ಇಂಗ್ಲೆಂಡಿನ ಲೆಸ್ಟರ್ ಪಿಗಟ್ ಎಪ್ಸಮ್ ಡರ್ಬಿಯನ್ನು ಒಂಬತ್ತು ಸಲ ಗೆದ್ದನಲ್ಲ, ಒಂಬತ್ತು ಸಲವೂ ಕುದುರೆ ಬೇರೆ, ಸವಾರ ಮಾತ್ರ ಒಬ್ಬನೇ ಎಂದು ಅವನು ಮೇಜು ಕುಟ್ಟುತ್ತಿದ್ದ. 1996ರ ಸೆಪ್ಟೆಂಬರಿನಲ್ಲಿ ಫ್ರಾಂಕಿ ಡೆಟ್ಟೋರಿ ಆಸ್ಕಟ್‌ನಲ್ಲಿ ಒಂದೇ ದಿನದ ಏಳು ಓಟಗಳಲ್ಲಿ ಏಳನ್ನೂ ಗೆದ್ದಾಗ ನಾನು ಪಾವಗಡದಲ್ಲಿದ್ದೆ. ಪತ್ರಿಕೆ ಓದಿದೊಡನೆ ನನಗೆ ನೆನಪಾದವನು ಆ ಬಸ್ ಏಜೆಂಟ್. ಅವನು ಆ ದಿನ ಹೋಟೆಲಿನವರಿಗೆಲ್ಲ ಕಾಫಿ ಕೊಡಿಸಿದನಂತೆ.

ಇಟಲಿಯ ಸಿಯೆನಾ ಪಟ್ಟಣದ ಸಂಗತಿ ಆಗ ಅವರಿಬ್ಬರಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಹಿರಿಯರು ಗೆದ್ದೆನೆಂದು ಕುಣಿಯುತ್ತಿದ್ದರು. ಪ್ರತಿವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ಆ ಪಟ್ಟಣದ ನಡುಚೌಕದಲ್ಲಿ, ಕಲ್ಲುಹಾಸಿನ ಮೇಲೆ ಮಣ್ಣು ಹರಡಿ, ಪಾಲಿಯೋ ಎಂಬ ಓಟ ನಡೆಸುತ್ತಾರೆ. ಕುದುರೆಗೆ ಜೀನಿಲ್ಲ. ಮೂರು ಸುತ್ತು, ಒಂದೂವರೆ ನಿಮಿಷದೊಳಗೆ ಮುಗಿದುಹೋಗುತ್ತದೆ. ತಿರುವುಗಳಲ್ಲಿ ಸವಾರರು ಹಣ್ಣುದುರಿದಂತೆ ಬೀಳುತ್ತಾರೆ. ಸವಾರ ಬಿದ್ದ ಮೇಲೂ ಕುದುರೆ ಒಂಟಿಯಾಗಿ ಮೊದಲು ಬಂದರೆ ಗೆಲುವು ಆ ಕುದುರೆಯ ಕೇರಿಗೇ. ಅಂದರೆ ಜಾಕಿ ಬೇಡವೇ ಬೇಡ ಎಂದಾಯಿತಲ್ಲ! ಆದರೆ 2400 ಮೀಟರಿನ ಡರ್ಬಿಯಲ್ಲಿ ಹೀಗಾಗದು. ಮೊದಲ ಸಾವಿರ ಮೀಟರಿನಲ್ಲಿ ಕುದುರೆಯ ಉಸಿರನ್ನು ಉಳಿಸಿ ಕೊನೆಯ ನಾನೂರಕ್ಕೆ ಖರ್ಚು ಮಾಡುವ ಬುದ್ಧಿ ಸವಾರನದು. ನನ್ನ ತೀರ್ಪು ಕೇಳಿದರೆ, ಓಟ ಗಿಡ್ಡವಾದಷ್ಟೂ ಕುದುರೆಯ ಪಾಲು ಹೆಚ್ಚು, ಉದ್ದವಾದಷ್ಟೂ ಜಾಕಿಯ ಪಾಲು ಹೆಚ್ಚು. ಶ್ರಾಫ್ ಮತ್ತು ನರೇಡು ಬೇರೆ ಬೇರೆ ಕಾಲದವರು, ಬೇರೆ ಬೇರೆ ಕುದುರೆಗಳ ಮೇಲೆ ಕುಳಿತವರು. ಅವರನ್ನು ಹೋಲಿಸಲು ಸಮೀಕರಣಕ್ಕೆ ಬೇಕಾದಷ್ಟು ದತ್ತಾಂಶವಿಲ್ಲ. ಷಡ್ಡಕರು ಕ್ಷಮಿಸಬೇಕು.

ಇನ್ನು ಮೊಬೈಲಿನಲ್ಲಿ ಕಂಡ ಮಂಜುಗಡ್ಡೆಯ ಓಟ. ಅದು ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಜ್‌ನದು. ಅಲ್ಲಿಯ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ಫೆಬ್ರವರಿಯ ಭಾನುವಾರಗಳಂದು ಕುದುರೆ ಓಡಿಸುತ್ತಾರೆ. 1907ರಿಂದ ನಡೆದುಬಂದ ಪದ್ಧತಿ. ಜಾಕಿಯೇ ಇಲ್ಲದ ಕುದುರೆಯ ಹಿಂದೆ ಹಗ್ಗ ಹಿಡಿದು, ಕಾಲಿಗೆ ಹಿಮಹಲಗೆ ಕಟ್ಟಿಕೊಂಡು ಜಾರುವ ಸ್ಪರ್ಧೆಯೂ ಉಂಟು. ಚಿತ್ರ ನೋಡಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ಕರಾವಳಿಯ ಕಂಬಳ. ಐರ್ಲೆಂಡಿನ ಲೇಟೌನ್ ಎಂಬಲ್ಲಿ 1868ರಿಂದ ಸಮುದ್ರದ ದಂಡೆಯ ಮೇಲೆ ಓಟ ನಡೆಯುತ್ತಿದೆ. ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಕಂಬಗಳನ್ನು ನೆಟ್ಟು, ಅಲೆ ಮರಳುವಷ್ಟರಲ್ಲಿ ಎಲ್ಲವನ್ನೂ ಮುಗಿಸಿ ಎತ್ತಿಕೊಂಡು ಹೋಗಬೇಕು. ಪಂಚಾಂಗ ನೋಡಿ ಜಾತ್ರೆಯ ದಿನವನ್ನು ಗೊತ್ತುಮಾಡುವ ನಮಗೆ ಇದು ತೀರ ಅಪರಿಚಿತವೇನಲ್ಲ. ಊಟಿಯ ಬೆಟ್ಟದ ಮೈದಾನದ ಬೇಸಿಗೆಯ ಓಟವನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಆ ನೆಲವನ್ನು 2024ರಲ್ಲಿ ತಮಿಳುನಾಡು ಸರ್ಕಾರ ಗುತ್ತಿಗೆಯ ಬಾಕಿಗಾಗಿ ಮರಳಿ ವಶಪಡಿಸಿಕೊಂಡಿತು.

ಈ ವಿಚಿತ್ರ ಸ್ಥಳಗಳ ಚೆಲುವಿನ ಬಗ್ಗೆ ಎಷ್ಟಾದರೂ ಬರೆಯಬಹುದು. ನನಗೆ ಮುಖ್ಯವೆನಿಸಿದ್ದು ಬೇರೆ. 1994ರಲ್ಲಿ ಲೇಟೌನ್‌ನ ದಂಡೆಯಲ್ಲಿ ದೊಡ್ಡ ಅವಘಡವಾಗಿ ಕುದುರೆಗಳು ಸತ್ತು, ಸವಾರರು ಗಾಯಗೊಂಡರು. ಅದಾದ ಮೇಲೆ ಅವರು ಓಟದ ದಾರಿಯನ್ನೇ ಬದಲಿಸಿದರು, ಒಂದು ಓಟಕ್ಕೆ ಹತ್ತಕ್ಕಿಂತ ಹೆಚ್ಚು ಕುದುರೆ ಬಿಡಬಾರದೆಂದು ಕಟ್ಟುಮಾಡಿದರು. ಸೇಂಟ್ ಮಾರಿಟ್ಜ್‌ನಲ್ಲಿ 2017ರ ಫೆಬ್ರವರಿಯಲ್ಲಿ ಮಂಜುಗಡ್ಡೆ ಕೈಕೊಟ್ಟು ಜಾರ್ಜ್ ಬೇಕರ್ ಎಂಬ ಜಾಕಿ ಬಿದ್ದ. ಕುದುರೆ ಸತ್ತಿತು. ಬೇಕರನ ಮಿದುಳಿಗೆ ಪೆಟ್ಟಾಗಿತ್ತು. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಿದರು, ಆ ದಿನದ ಉಳಿದ ಓಟಗಳನ್ನು ರದ್ದು ಮಾಡಿದರು. ಅವನು ಬದುಕಿದ, ಮತ್ತೆ ಜಾಕಿಯಾಗಲಿಲ್ಲ. ಸ್ಥಳ ಎಷ್ಟೇ ವಿಚಿತ್ರವಿರಲಿ, ಬಿದ್ದವನನ್ನು ಎತ್ತುವ ವ್ಯವಸ್ಥೆ ಅಲ್ಲಿಗೂ ಹೋಗಿತ್ತು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಬಳದ ಮಾತು ಬಂದುದರಿಂದ ಗಣಿತದ ಮೇಷ್ಟ್ರ ಒಂದು ಪುಟ್ಟ ತಕರಾರನ್ನೂ ಹೇಳಿಬಿಡುತ್ತೇನೆ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಯುವಕ ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ. ತ್ರೈರಾಶಿ ಹಾಕಿದವರಿಗೆ 100 ಮೀಟರಿಗೆ 9.55 ಸೆಕೆಂಡ್ ಸಿಕ್ಕಿತು. ಉಸೇನ್ ಬೋಲ್ಟನ 2009ರ ಬರ್ಲಿನ್ ದಾಖಲೆ 9.58. ದೇಶವೆಲ್ಲ ಗದ್ದಲ! ಕೇಂದ್ರದ ಕ್ರೀಡಾ ಸಚಿವರೇ ಅವನನ್ನು ಪರೀಕ್ಷೆಗೆ ಕರೆದರು. ಮಕ್ಕಳೇ, ಇಂಥ ತ್ರೈರಾಶಿಗೆ ನಾನು ಸೊನ್ನೆ ಕೊಡುತ್ತಿದ್ದೆ. ನಿಂತಲ್ಲಿಂದ ವೇಗ ಪಡೆಯಲು ಹೋಗುವ ಕಾಲ ದೂರ ಹೆಚ್ಚಾದಂತೆ ಹಂಚಿಹೋಗುತ್ತದೆ. ಹೋಲಿಸುವುದಾದರೆ ಅದೇ ಬೋಲ್ಟ್ ಅದೇ ವರ್ಷ ಮ್ಯಾಂಚೆಸ್ಟರಿನಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರೊಡನೆ ಹೋಲಿಸಬೇಕು. ಅದಕ್ಕಿಂತ ದೊಡ್ಡ ವಿಷಯವೆಂದರೆ ಬೋಲ್ಟನನ್ನು ಮುಂದಿನಿಂದ ಯಾರೂ ಎಳೆಯುತ್ತಿರಲಿಲ್ಲ. ಇದನ್ನು ಮೊದಲು ಹೇಳಿದವನು ಸ್ವತಃ ಶ್ರೀನಿವಾಸ ಗೌಡ. ತನ್ನ ಗೆಲುವು ಕೋಣಗಳದು, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದು ವಿನಯದಿಂದ ಹೇಳಿ ಪರೀಕ್ಷೆಗೆ ಹೋಗಲಿಲ್ಲ. ಮಧುಗಿರಿಯ ಹಿರಿಯರು ಬದುಕಿದ್ದರೆ ಆ ಹುಡುಗನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಆದರೆ ಆ ಗದ್ದಲದಿಂದ ಒಂದು ಒಳಿತಾಯಿತು. ಕೋಣ ಓಡಿಸುವವನಿಗೂ ಒಂದು ಹೆಸರಿದೆ, ಅವನಿಗೊಂದು ಸಮಯವಿದೆ, ದಾಖಲೆಯಿದೆ ಎಂದು ನಾಡಿಗೆ ತಿಳಿಯಿತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕೆಸರಿನ ಕರೆ ಕಟ್ಟಿ ಕಂಬಳ ನಡೆಸಿದಾಗ ಜನ ಕೋಣಗಳ ಹೆಸರಿನ ಜೊತೆಗೆ ಓಡಿಸುವವರ ಹೆಸರನ್ನೂ ಕೇಳುತ್ತಿದ್ದರು.

ನಮ್ಮ ಕಡೆ ಹಾಗಿಲ್ಲ. ಸುಗ್ಗಿ ಮುಗಿದ ಮೇಲೆ, ಕ್ಯಾಮೇನಹಳ್ಳಿಯ ದನಗಳ ಜಾತ್ರೆ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗಳ ಹೊತ್ತಿನಲ್ಲಿ ಹಳ್ಳಿಕಾರ್ ಎತ್ತುಗಳ ಚೆಲುವನ್ನು ನೀವೆಲ್ಲ ನೋಡಿದ್ದೀರಿ. ಗಾಡಿ ಓಟಗಳು ಅಲ್ಲಲ್ಲಿ, ಯಾವುದೋ ಊರಿನ ಹೊಲದಲ್ಲಿ, ಬತ್ತಿದ ಕೆರೆಯಂಗಳದಲ್ಲಿ ನಡೆಯುತ್ತವೆ. ರಸ್ತೆಬದಿಯ ಫ್ಲೆಕ್ಸನ್ನು ಒಮ್ಮೆ ನಿಂತು ಓದಿ. ನಾಯಕರ ಭಾವಚಿತ್ರಗಳು ಹತ್ತೋ ಹನ್ನೆರಡೋ. ಎತ್ತಿನ ಜೋಡಿಗಳ ಹೆಸರು, ಮಾಲೀಕರ ಹೆಸರು, ಬಹುಮಾನದ ಬೈಕು. ಗಾಡಿ ಓಡಿಸುವವನ ಹೆಸರು ನಾನು ಇದುವರೆಗೆ ಕಂಡಿಲ್ಲ. ಈಚೆಗೆ ಹುಡುಗರು ಅವನನ್ನೂ ಜಾಕಿ ಎಂದು ಕರೆಯತೊಡಗಿದ್ದಾರೆ. ಬಿರುದು ಬಂತು, ಬೇರೇನೂ ಬರಲಿಲ್ಲ.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿದಾಗ ನಾನು ಶಾಲೆಯಲ್ಲಿ ಅದನ್ನು ಸ್ವಾಗತಿಸಿ ಮಾತನಾಡಿದ್ದೆ. ಮೂಕಪ್ರಾಣಿ, ಹಿಂಸೆ ಎಂದೆಲ್ಲ. ಅದನ್ನು ಕೇಳಿದ ಹಳೆಯ ವಿದ್ಯಾರ್ಥಿಯೊಬ್ಬ ಸಂಜೆ ಮನೆಗೆ ಬಂದ. ನಾನು ಶಿರಾದಲ್ಲಿದ್ದಾಗ ಓದಿದವನು, ಲೆಕ್ಕದಲ್ಲಿ ಚುರುಕು, ಎಸ್.ಎಸ್.ಎಲ್.ಸಿ. ಆದ ಮೇಲೆ ಓದು ಬಿಟ್ಟು ಬೇಸಾಯಕ್ಕಿಳಿದಿದ್ದ. ಜೊತೆಗೆ ಸುತ್ತಮುತ್ತಲಿನ ಊರುಗಳಲ್ಲಿ ಗಾಡಿ ಓಡಿಸುವುದರಲ್ಲಿ ಹೆಸರಾಗಿದ್ದ. ಜಗಲಿಯ ಮೇಲೆ ಕುಳಿತು ಕೇಳಿದ: "ಸಾ, ಬೆಂಗಳೂರಲ್ಲಿ ಕುದುರೆಗೆ ಹೊಡೆದ್ರೆ ಅದು ಕೌಶಲ್ಯ. ನಾವು ಎತ್ತಿಗೆ ಬಾರುಕೋಲು ಎತ್ತಿದ್ರೆ ಅದು ಕ್ರೌರ್ಯ. ಎರಡೂ ಒಂದೇ ಕೋರ್ಟೇ ತಾನೆ ಹೇಳಿದ್ದು?"

ಅವನು ಸುಮ್ಮನೆ ಕೇಳಿರಲಿಲ್ಲ. ಕುದುರೆ ರೇಸು ಅದೃಷ್ಟದ ಆಟವಲ್ಲ, ಕುದುರೆಯ ಪಳಗುವಿಕೆ ಮತ್ತು ಜಾಕಿಯ ನೈಪುಣ್ಯವನ್ನು ಅವಲಂಬಿಸಿದ ಕೌಶಲದ ಆಟ ಎಂದು 1996ರಲ್ಲಿ ತೀರ್ಪಿತ್ತದ್ದು ಅದೇ ಸರ್ವೋಚ್ಚ ನ್ಯಾಯಾಲಯ. ಕುದುರೆಯ ಅಂಗರಚನೆ ಓಟಕ್ಕೆ ಹೊಂದಿದ್ದು, ಎತ್ತಿನದು ಹಾಗಲ್ಲ ಎಂಬ ಕಾರಣವನ್ನು 2014ರ ತೀರ್ಪು ಕೊಟ್ಟಿತ್ತು. ಅದನ್ನು ಹೇಳಿದೆ. ಆದರೆ ಹೇಳುವಾಗಲೇ ಅದು ಅವನ ಪ್ರಶ್ನೆಗೆ ಪೂರ್ಣ ಉತ್ತರವಲ್ಲವೆಂದು ನನಗೆ ಗೊತ್ತಿತ್ತು. ಅವನು ಕೇಳಿದ್ದು ಎತ್ತಿನ ಮೂಳೆಯ ಬಗ್ಗೆಯಲ್ಲ, ತನ್ನ ಬಗ್ಗೆ. "ಆಯ್ತು ಬಿಡಿ ಸಾ" ಎಂದು ಕಾಫಿ ಕುಡಿದು ಎದ್ದುಹೋದ. ಮುಂದೆ 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೀಗೆ ನನ್ನ ವಿದ್ಯಾರ್ಥಿಯ ಪಕ್ಷ ಗೆದ್ದಿತು. ಅವನು ಮಾತ್ರ ಅಷ್ಟರಲ್ಲಿ ಗಾಡಿಯಿಂದ ಬಿದ್ದಿದ್ದ.

2019ರ ಬೇಸಿಗೆ. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರ ಒಂದು ಊರು. ಹೆಸರು ಬೇಡ. ಬತ್ತಿದ ಕೆರೆಯಂಗಳದಲ್ಲಿ ಓಟ. ಅವನು ಓಡಿಸುತ್ತಿದ್ದ ಜೋಡಿ ಮುಂದಿತ್ತಂತೆ. ಜನ ಎರಡೂ ಬದಿಯಿಂದ ದಾರಿಯೊಳಕ್ಕೆ ನುಗ್ಗಿದ್ದರು. ತಡೆಯಲು ಒಂದು ಹಗ್ಗವೂ ಇರಲಿಲ್ಲ. ಮೊಬೈಲು ಹಿಡಿದ ಹುಡುಗನೊಬ್ಬ ಅಡ್ಡ ಬಂದ. ಹುಡುಗನನ್ನು ಉಳಿಸಲು ಇವನು ಎತ್ತುಗಳನ್ನು ಎಡಕ್ಕೆಳೆದ. ಚಕ್ರ ಹಳ್ಳಕ್ಕಿಳಿದು ಗಾಡಿ ಮಗುಚಿತು. ಮೂಕಿಯ ಕೆಳಗೆ ಸಿಕ್ಕಿದ ಬಲಗಾಲು ಮೊಳಕಾಲಿನ ಕೆಳಗೆ ನುಚ್ಚಾಯಿತು. ಆಂಬುಲೆನ್ಸ್ ಇರಲಿಲ್ಲ, ವೈದ್ಯರಿರಲಿಲ್ಲ. ಬಹುಮಾನಕ್ಕೆಂದು ಕುರಿಗಳನ್ನು ತಂದಿದ್ದ ಗೂಡ್ಸ್ ಆಟೋದಲ್ಲಿ, ಕುರಿಗಳನ್ನು ಇಳಿಸಿ, ಇವನನ್ನು ಮಲಗಿಸಿಕೊಂಡು ಹೋದರು. ಓಟ ನಿಲ್ಲಲಿಲ್ಲ, ಮುಂದಿನ ಜೋಡಿಯನ್ನು ಕೂಗಿದರು. ಎತ್ತಿನ ಮಾಲೀಕರು ಆಸ್ಪತ್ರೆಗೆ ಒಮ್ಮೆ ಬಂದು ಐದು ಸಾವಿರ ಕೊಟ್ಟರು. ನಡೆಸಿದ ಸಮಿತಿಯವರು ಬರಲಿಲ್ಲ. ಅವನ ಹೆಸರು ಅವರ ಯಾವ ಪುಸ್ತಕದಲ್ಲೂ ಇರಲಿಲ್ಲವಲ್ಲ, ಏಕೆ ಬರಬೇಕು? ಈಗ ಅವನು ಊರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಉಳಲು ಆಗುವುದಿಲ್ಲ.

ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಜಾಕಿಗೆ ಪರವಾನಗಿ ಬೇಕು. ಹೆಲ್ಮೆಟ್ಟು, ಎದೆಗವಚ ಕಡ್ಡಾಯ. ಓಡುವ ಕುದುರೆಗಳ ಹಿಂದೆಯೇ ಆಂಬುಲೆನ್ಸ್ ಓಡುತ್ತದೆ. ಚಾವಟಿಯನ್ನು ಅತಿಯಾಗಿ ಬಳಸಿದರೆ ಸ್ಟೀವರ್ಡುಗಳು ದಂಡ ಹಾಕುತ್ತಾರೆ. ಯಾರು, ಎಷ್ಟು ತೂಕದಲ್ಲಿ, ಯಾವ ಕುದುರೆಯ ಮೇಲೆ, ಎಷ್ಟನೆಯವನಾಗಿ ಬಂದ ಎಂಬುದೆಲ್ಲ ಅಚ್ಚಾಗುತ್ತದೆ. ನಮ್ಮ ಷಡ್ಡಕರು ಮೂವತ್ತು ವರ್ಷ ಹಿಂದಿನ ಜಾಕಿಯ ಬಗ್ಗೆ ಇಂದಿಗೂ ಜಗಳವಾಡಬಲ್ಲರೆಂದರೆ ಅದಕ್ಕೆ ಆ ಅಚ್ಚಾದ ಹಾಳೆಗಳೇ ಕಾರಣ. ನನ್ನ ವಿದ್ಯಾರ್ಥಿ ಎಷ್ಟು ಓಟ ಗೆದ್ದನೆಂದು ಕೇಳಿದರೆ ಅವನ ಹೆಂಡತಿಗೂ ಸರಿಯಾಗಿ ತಿಳಿಯದು.

ಈ ಬರಹದ ಕರಡನ್ನು ಓದಿದ ಸ್ನೇಹಿತರೊಬ್ಬರು ಒಂದು ಆಕ್ಷೇಪ ಎತ್ತಿದರು. ರೇಸ್‌ಕೋರ್ಸಿನ ಆ ತಕ್ಕಡಿ, ಆ ದಾಖಲೆ ಎಲ್ಲ ಬಂದದ್ದು ಜಾಕಿಯ ಮೇಲಿನ ಪ್ರೀತಿಯಿಂದಲ್ಲ, ಹಣ ಕಟ್ಟಿದವನಿಗೆ ಮೋಸವಾಗದಿರಲಿ ಎಂದು. ಜೂಜಿನ ಹಣವಿಲ್ಲದ ಹಳ್ಳಿಯ ಆಟಕ್ಕೆ ಅದನ್ನು ಹೋಲಿಸುವುದು ನ್ಯಾಯವಲ್ಲ ಎಂದರು. ಮೊದಲ ಭಾಗವನ್ನು ಒಪ್ಪುತ್ತೇನೆ. ಹಣವಿದ್ದಲ್ಲಿ ತಕ್ಕಡಿ ಬರುತ್ತದೆ. ಆದರೆ ಎರಡನೆಯ ಭಾಗಕ್ಕೆ ನಗು ಬರುತ್ತದೆ. ಕೆರೆಯಂಗಳದ ಬೇವಿನ ಮರದ ಕೆಳಗೆ ಕೈಯಿಂದ ಕೈಗೆ ದಾಟುವ ನೋಟುಗಳನ್ನು ಅವರು ನೋಡಿಲ್ಲವೆಂದು ಕಾಣುತ್ತದೆ. ಹಣ ಇಲ್ಲೂ ಇದೆ. ಲೆಕ್ಕ ಮಾತ್ರ ಇಲ್ಲ.

ಇನ್ನೊಬ್ಬರು, ನಿಯಮ ಹಾಕಿದರೆ ಜಾತ್ರೆಯ ಸೊಗಸು ಹೋಗುತ್ತದೆ ಎಂದರು. ಲೇಟೌನ್‌ನ ಸಮುದ್ರ ಹತ್ತು ಕುದುರೆಯ ನಿಯಮ ಬಂದ ಮೇಲೂ ಅಲ್ಲೇ ಇದೆ, ಓಟವೂ ಇದೆ. ಕೊಲ್ಲಿಯ ನಾಡುಗಳಲ್ಲಿ ಹಗುರವೆಂದು ದಕ್ಷಿಣ ಏಷ್ಯಾದ ಬಡವರ ಪುಟ್ಟ ಮಕ್ಕಳನ್ನು ತಂದು ಒಂಟೆಯ ಬೆನ್ನಿಗೆ ಕೂರಿಸುತ್ತಿದ್ದರು. ಜಗತ್ತು ಛೀಮಾರಿ ಹಾಕಿದ ಮೇಲೆ, 2005ರ ಸುಮಾರಿಗೆ ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಕತಾರ್ ಮಕ್ಕಳನ್ನು ಇಳಿಸಿ ಯಂತ್ರದ ಸವಾರರನ್ನು ಕೂರಿಸಿದವು. ಒಂಟೆಗಳು ಈಗಲೂ ಓಡುತ್ತಿವೆ.

ಗಾಡಿ ಓಟ ನಿಲ್ಲಬೇಕೆಂದು 2014ರಲ್ಲಿ ಹೇಳಿದ್ದ ನಾನು ಇಂದು ಹಾಗೆ ಹೇಳುವುದಿಲ್ಲ. ನ್ಯಾಯಾಲಯ ಒಪ್ಪಿದೆ, ಜನಕ್ಕೆ ಬೇಕಾಗಿದೆ. ಎತ್ತಿನ ಬಾಲ ಮುರಿಯುವುದನ್ನೂ ಮೊಳೆ ಚುಚ್ಚುವುದನ್ನೂ ಕಂಡರೆ ನನಗೆ ಈಗಲೂ ಸಹಿಸದು. ಅದಕ್ಕೆ ಪಶುವೈದ್ಯರೂ ಪೊಲೀಸರೂ ಸ್ಥಳದಲ್ಲಿರಬೇಕು. ಆದರೆ ಎತ್ತಿನ ಪರವಾಗಿ ಮಾತನಾಡಲು ಸಂಘಗಳಿವೆ, ಮಂಡಳಿಯಿದೆ. ಗಾಡಿಯ ಮೇಲೆ ನಿಂತವನ ಪರವಾಗಿ ಯಾರಿದ್ದಾರೆ?

ಮಧುಗಿರಿ ಉಪವಿಭಾಗಾಧಿಕಾರಿಗಳಿಗೆ ಸಲ್ಲಿಸಲು ಒಂದು ಮನವಿಯನ್ನು ಬರೆದಿಟ್ಟಿದ್ದೇನೆ. ಒಂದೂವರೆ ಪುಟವಿದೆ. ಓಡಿಸುವವನ ಹೆಸರು, ವಯಸ್ಸು ಬರೆದುಕೊಳ್ಳದೆ ಗಾಡಿ ಬಿಡಬಾರದು, ಹದಿನೆಂಟು ತುಂಬದವನನ್ನು ಹತ್ತಿಸಬಾರದು, ತಲೆಗೆ ಹೆಲ್ಮೆಟ್ಟಿರಬೇಕು, ದಾರಿಯ ಎರಡೂ ಬದಿಗೆ ಬೇಲಿ, ಪಕ್ಕದಲ್ಲಿ ಆಂಬುಲೆನ್ಸ್, ಬಹುಮಾನದ ಹಣದಲ್ಲೊಂದು ಭಾಗ ಆ ದಿನದ ಓಟಗಾರರ ವಿಮೆಗೆ. ಇಷ್ಟೇ. ವಿದ್ಯಾರ್ಥಿಗೆ ಓದಿ ಹೇಳಿದೆ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಲಿ ಎರಡು ಸಾಲು ಅಂತ ಬರೀರಿ ಸಾ, ಒಂದು ಸಾಲಾದ್ರೆ ಜನ ಮುರೀತಾರೆ" ಎಂದ. ತಿದ್ದಿದ್ದೇನೆ.

ನಿಮ್ಮಲ್ಲಿ ಪಶುವೈದ್ಯರಾದವರು ಇಬ್ಬರು, ಪಾವಗಡದಲ್ಲಿ ವಕೀಲರಾದವರೊಬ್ಬರು, ಮೂಳೆ ಡಾಕ್ಟರಾದವರೊಬ್ಬರು ಇದ್ದೀರೆಂದು ನನಗೆ ಗೊತ್ತು. ಷಡ್ಡಕರೂ ಅವರ ಸ್ನೇಹಿತರೂ ಸಹಿ ಹಾಕಲು ಒಪ್ಪಿದ್ದಾರೆ. ಪೆಸಿ ಶ್ರಾಫರ ವಿಷಯದಲ್ಲಿ ಮಾತ್ರ ಇನ್ನೂ ರಾಜಿಯಾಗಿಲ್ಲ. ಭಾನುವಾರಗಳಂದು ಮಧ್ಯಾಹ್ನ ಮೂರರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ. ಬರುವವರು ಬರುವ ಮೊದಲು ಒಂದು ಮಾತು ಫೋನಿನಲ್ಲಿ ತಿಳಿಸಿದರೆ ಮನೆಯವರಿಗೆ ಅನುಕೂಲ.